ಬಟ್ಟೆ ಕೊಳ್ಳುವವರ ಕಿರಿಕಿರಿ: ಅಳತೆ, ಬೆಲೆ, ಬಿಲ್ಲು

ಸಿದ್ಧ ಉಡುಪು ಕೊಳ್ಳುವಾಗಿನ ಕಿರಿಕಿರಿಗಳು ಒಂದೊಂದಾಗಿ ನೋಡಿದರೆ ಸಣ್ಣವು. ಒಂದು ಅಂಗಡಿಯಲ್ಲಿ ಹೇಳಿ ಹೊಲಿಸಿದಂತೆ ಕೂರುವ 40ರ ಅಂಗಿ ಪಕ್ಕದ ಅಂಗಡಿಯಲ್ಲಿ ಭುಜಕ್ಕೆ ಬಿಗಿಯುತ್ತದೆ. ದೀಪದ ಬೆಳಕಿನಲ್ಲಿ ಕಡುನೀಲಿಯಾಗಿ ಕಂಡ ಸೀರೆ ಮನೆಯಂಗಳದಲ್ಲಿ ಬೇರೆಯೇ ಬಣ್ಣ ತಳೆಯುತ್ತದೆ. ಅರ್ಧ ಬೆಲೆಗೆ ಸಿಕ್ಕಿತೆಂದು ತಂದ ಮೂರು ಕುರ್ತಾಗಳಲ್ಲಿ ಎರಡು ಬೀರುವಿನಲ್ಲೇ ಉಳಿಯುತ್ತವೆ. ಮೊದಲ ಸಲ ಒಗೆದಾಗಲೇ ಬಣ್ಣ ಬಿಟ್ಟ ಬಟ್ಟೆಯನ್ನು ಹಿಂದಿರುಗಿಸಲು ಹೋದರೆ ‘ಒಮ್ಮೆ ಮಾರಿದ ಸಾಮಾನನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ’ ಎಂಬ ಫಲಕ ಎದುರಾಗುತ್ತದೆ. ಇಂಥ ಸಂದರ್ಭಗಳಲ್ಲಿ ಹೆಚ್ಚಿನವರು ತಪ್ಪನ್ನು ತಮ್ಮ ಮೇಲೇ ಹಾಕಿಕೊಳ್ಳುತ್ತಾರೆ: ಮೈಕಟ್ಟು ಸರಿಯಿಲ್ಲ, ಆರಿಸಲು ಬರಲಿಲ್ಲ, ಕೈ ಬಿಗಿಹಿಡಿಯಲು ಆಗಲಿಲ್ಲ. ಆದರೆ ಈ ತೊಂದರೆಗಳಲ್ಲಿ ಬಹುಪಾಲು ಬಟ್ಟೆಯನ್ನು ತಯಾರಿಸುವ, ಅದಕ್ಕೆ ಬೆಲೆ ಕಟ್ಟುವ ಮತ್ತು ಮಾರುವ ಕ್ರಮದಿಂದಲೇ ಹುಟ್ಟಿದವು. ಆ ಕ್ರಮವನ್ನು ಅರಿತವರಿಗೆ ಹಣವೂ ಉಳಿಯುತ್ತದೆ, ಹಕ್ಕೂ ಗೊತ್ತಿರುತ್ತದೆ.

ಒಂದೇ ಸಂಖ್ಯೆ, ಹಲವು ಅಳತೆ

ದರ್ಜಿ ಟೇಪು ಹಿಡಿಯುವುದು ಎದುರಿಗೆ ನಿಂತ ಮೈಗೆ. ಕಾರ್ಖಾನೆಗೆ ಆ ಅನುಕೂಲವಿಲ್ಲ. ಪ್ರತಿ ಕಂಪನಿಯೂ ತನ್ನ ಗಿರಾಕಿ ಹೀಗಿರಬಹುದು ಎಂದು ಊಹಿಸಿ ಒಂದು ಮೂಲ ಅಳತೆಯನ್ನು ಇಟ್ಟುಕೊಳ್ಳುತ್ತದೆ. ಆ ಅಳತೆಯ ಉಡುಪನ್ನು ಮೊದಲು ಹೊಲಿದು, ಒಬ್ಬ ವ್ಯಕ್ತಿಗೆ ತೊಡಿಸಿ, ತಿದ್ದುತ್ತಾರೆ. ಉಳಿದ ಅಳತೆಗಳನ್ನು ಆ ನಮೂನೆಯಿಂದಲೇ ಲೆಕ್ಕ ಹಾಕಿ ಹಿಗ್ಗಿಸುತ್ತಾರೆ ಅಥವಾ ಕುಗ್ಗಿಸುತ್ತಾರೆ. ಈ ಕೆಲಸಕ್ಕೆ ಗ್ರೇಡಿಂಗ್ ಎಂಬ ಹೆಸರಿದೆ. ಮನುಷ್ಯರ ಮೈ ಹಾಗೆ ಸಮಪ್ರಮಾಣದಲ್ಲಿ ಹಿಗ್ಗುವುದಿಲ್ಲ. ಸೊಂಟ ದಪ್ಪವಾದವರ ತೋಳು ಉದ್ದವಾಗುವುದಿಲ್ಲ, ಎದೆ ಅಗಲವಿರುವವರೆಲ್ಲ ಎತ್ತರವಿರುವುದಿಲ್ಲ. ಹೀಗಾಗಿ ಮೂಲ ಅಳತೆಯಿಂದ ದೂರ ಸರಿದಷ್ಟೂ ತೋಳು ಜೋಲುವುದು, ಭುಜ ಇಳಿಯುವುದು, ತೊಡೆ ಬಿಗಿಯುವುದು ಹೆಚ್ಚುತ್ತದೆ. ತೀರ ಸಣ್ಣ ಮತ್ತು ತೀರ ದೊಡ್ಡ ಅಳತೆಯವರು ಅಂಗಡಿಯಿಂದ ಅಂಗಡಿಗೆ ಅಲೆಯುವುದಕ್ಕೆ ಮುಖ್ಯ ಕಾರಣ ಇದೇ.

ಒಂದೇ ಕಂಪನಿಯ, ಒಂದೇ ಅಳತೆಯ ಎರಡು ಅಂಗಿಗಳಲ್ಲೂ ವ್ಯತ್ಯಾಸ ಕಾಣುವುದುಂಟು. ಕಾರ್ಖಾನೆಯಲ್ಲಿ ಹತ್ತಾರು ಪದರ ಬಟ್ಟೆಯನ್ನು ಒಂದರ ಮೇಲೊಂದು ಹಾಸಿ ವಿದ್ಯುತ್ ಕತ್ತಿಯಿಂದ ಒಟ್ಟಿಗೆ ಕತ್ತರಿಸುತ್ತಾರೆ. ಕತ್ತಿ ಸ್ವಲ್ಪ ವಾಲಿದರೂ ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ಸಣ್ಣ ಅಂತರ ಬೀಳುತ್ತದೆ. ಹೊಲಿಗೆಯಲ್ಲಿ ಅದಕ್ಕೆ ಇನ್ನಷ್ಟು ಸೇರುತ್ತದೆ. ಒಂದು ಮಿತಿಯೊಳಗಿನ ಇಂಥ ವ್ಯತ್ಯಾಸವನ್ನು ಉದ್ಯಮ ಒಪ್ಪಿಕೊಂಡಿದೆ. ಆದ್ದರಿಂದ ಹಾಕಿ ನೋಡಿದ ಅಂಗಿಯನ್ನು ಬಿಟ್ಟು ‘ಇದೇ ಸೈಜಿನ ಬೇರೆ ಬಣ್ಣ’ವನ್ನು ಹಾಕಿ ನೋಡದೆ ತಂದರೆ ಮೋಸಹೋಗುವ ಸಾಧ್ಯತೆ ಇದ್ದೇ ಇರುತ್ತದೆ.

ಸಂಖ್ಯೆಗಳು ಏನನ್ನು ಹೇಳುತ್ತವೆ ಎಂಬುದೂ ಉಡುಪಿನಿಂದ ಉಡುಪಿಗೆ ಬದಲಾಗುತ್ತದೆ. ಗಂಡಸರ ಫಾರ್ಮಲ್ ಅಂಗಿಯ 39, 40, 42 ಎಂಬವು ಸಾಮಾನ್ಯವಾಗಿ ಕಾಲರಿನ ಸುತ್ತಳತೆಯ ಸೆಂಟಿಮೀಟರುಗಳು. ಹೆಂಗಸರ ಕುರ್ತಾದ 38, 40 ಎದೆ ಸುತ್ತಳತೆಯ ಇಂಚುಗಳು. ಪ್ಯಾಂಟಿನ 32, 34 ಸೊಂಟದ ಇಂಚುಗಳು. ಇನ್ನು ಎಸ್, ಎಂ, ಎಲ್ ಎಂಬ ಅಕ್ಷರಗಳಿಗೆ ಪ್ರತಿ ಕಂಪನಿಯೂ ತನ್ನದೇ ಅರ್ಥ ಕೊಟ್ಟುಕೊಂಡಿದೆ. ಕೆಲವು ಕಂಪನಿಗಳು ಗಿರಾಕಿಗೆ ಹಿತವಾಗಲಿ ಎಂದು ದೊಡ್ಡ ಉಡುಪಿಗೆ ಸಣ್ಣ ಅಳತೆಯ ಚೀಟಿ ಹಚ್ಚುವುದೂ ಇದೆ. ತಾನು ಇನ್ನೂ ‘ಎಂ’ನಲ್ಲೇ ಇದ್ದೇನೆ ಎಂಬ ಸಮಾಧಾನವೇ ಅಲ್ಲಿ ಮಾರಾಟದ ಸರಕು.

ಎಲ್ಲರಿಗೂ ಒಂದೇ ಅಳತೆಪಟ್ಟಿ ಮಾಡುವ ಪ್ರಯತ್ನಗಳು ನಡೆಯದೆ ಇಲ್ಲ. ಅಮೆರಿಕದ ಕೃಷಿ ಇಲಾಖೆ 1939–40ರಲ್ಲಿ ಸುಮಾರು 15,000 ಮಹಿಳೆಯರನ್ನು ತಲಾ 59 ಕಡೆ ಅಳೆಸಿತು. ಆದರೆ ಬಿಳಿಯರಲ್ಲದ ಮಹಿಳೆಯರ ಅಳತೆಗಳನ್ನು ಲೆಕ್ಕದಿಂದ ಹೊರಗಿಟ್ಟಿತು. ಆ ಮಾಹಿತಿಯನ್ನು ಆಧರಿಸಿ 1958ರಲ್ಲಿ ಹೊರಬಂದ ಮಾನದಂಡ ಬಹುಕಾಲ ಬಾಳಲಿಲ್ಲ. 1983ರಲ್ಲಿ ಅದನ್ನು ಹಿಂತೆಗೆದುಕೊಂಡ ಮೇಲೆ ಕಂಪನಿಗಳು ತಮ್ಮ ತಮ್ಮ ದಾರಿ ಹಿಡಿದವು. ಭಾರತದ ಸಿದ್ಧ ಉಡುಪು ಉದ್ಯಮ ಬಹುಕಾಲ ಅಮೆರಿಕ ಮತ್ತು ಬ್ರಿಟನ್ನಿನ ಪಟ್ಟಿಗಳನ್ನೇ ಅಲ್ಪಸ್ವಲ್ಪ ತಿದ್ದಿ ಬಳಸುತ್ತ ಬಂದಿದೆ. ಭಾರತೀಯರ ಮೈಯಳತೆಯನ್ನೇ ಆಧರಿಸಿದ ಪಟ್ಟಿ ಬೇಕೆಂದು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ (ನಿಫ್ಟ್) ‘ಇಂಡಿಯಾಸೈಜ್’ ಯೋಜನೆ ಕೈಗೊಂಡಿತು. ದೇಶದ ಆರು ನಗರಗಳಲ್ಲಿ 15ರಿಂದ 65 ವರ್ಷದ 25,000ಕ್ಕೂ ಹೆಚ್ಚು ಜನರನ್ನು ತ್ರೀಡಿ ಸ್ಕ್ಯಾನರಿನಿಂದ ಅಳೆಯುವುದು ಅದರ ಗುರಿ. ಪಟ್ಟಿ ಬರುವುದು ಒಂದು ಹಂತ. ಕಂಪನಿಗಳು ಅದನ್ನು ಪಾಲಿಸಿದಾಗ ಮಾತ್ರ ಟ್ರಯಲ್ ರೂಮಿನ ಮುಂದಿನ ಸಾಲು ಕರಗುತ್ತದೆ.

ಬೆಂಗಳೂರಿನ ಗಿರಾಕಿಗಳಿಗೆ ಪರಿಚಿತವಾದ ‘ಎಕ್ಸ್‌ಪೋರ್ಟ್ ಸರ್‌ಪ್ಲಸ್’ ಅಂಗಡಿಗಳಲ್ಲಿ ಈ ಗೊಂದಲ ಇನ್ನೂ ಹೆಚ್ಚು. ನಗರದ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ವಿದೇಶಿ ಬ್ರಾಂಡುಗಳಿಗಾಗಿ ಹೊಲಿದು ಉಳಿದ, ಸಣ್ಣ ದೋಷವಿರುವ ಅಥವಾ ರದ್ದಾದ ಆರ್ಡರಿನ ಬಟ್ಟೆ ಅಲ್ಲಿಗೆ ಬರುತ್ತದೆ. ಅವು ಯುರೋಪು, ಅಮೆರಿಕದವರ ಮೈಕಟ್ಟಿಗೆ ಕತ್ತರಿಸಿದವು. ಬ್ರಾಂಡಿನ ಚೀಟಿಯನ್ನು ಅರ್ಧ ಕತ್ತರಿಸಿರುವುದರಿಂದ ಅಳತೆಯೂ ಓದಲು ಸಿಗದೆ ಹೋಗಬಹುದು. ಅಂಥ ಕಡೆ ಹೊಲಿಗೆ, ಜಿಪ್ಪು, ಗುಂಡಿ, ಕಂಕುಳಿನ ಭಾಗಗಳನ್ನು ತಿರುಗಿಸಿ ನೋಡಿ ಕೊಳ್ಳುವುದು ಲೇಸು.

ಇದಕ್ಕೆಲ್ಲ ಸುಲಭದ ಉಪಾಯ ಮನೆಯಲ್ಲೇ ಇದೆ. ಚೆನ್ನಾಗಿ ಹೊಂದುವ ಒಂದು ಅಂಗಿ ಅಥವಾ ಕುರ್ತಾವನ್ನು ನೆಲದ ಮೇಲೆ ಹರಡಿ ಎದೆಯ ಅಗಲ, ಭುಜ, ತೋಳುದ್ದ, ಒಟ್ಟು ಉದ್ದವನ್ನು ಟೇಪಿನಿಂದ ಅಳೆದು ಫೋನಿನಲ್ಲಿ ಬರೆದಿಟ್ಟುಕೊಂಡರೆ, ಅಂಗಡಿಯಲ್ಲೂ ಆನ್‌ಲೈನ್‌ನಲ್ಲೂ ಆ ಸಂಖ್ಯೆಗಳನ್ನೇ ಹೋಲಿಸಬಹುದು. ಬಿಡಿಯಾಗಿ ಮಾರುವ ಸಿದ್ಧ ಉಡುಪಿನ ಚೀಟಿಯಲ್ಲಿ ಅಳತೆಯನ್ನು ಎಸ್, ಎಂ, ಎಲ್ ಎಂದು ಸೂಚಿಸುವುದರ ಜೊತೆಗೆ ಸೆಂಟಿಮೀಟರಿನಲ್ಲೂ ಕೊಡಬೇಕು ಎಂಬುದು ತೂಕ ಮತ್ತು ಅಳತೆ ನಿಯಮಗಳ ಸೂಚನೆ. ಚೀಟಿಯಲ್ಲಿ ಅಕ್ಷರಕ್ಕಿಂತ ಹೆಚ್ಚು ನಂಬಬೇಕಾದದ್ದು ಆ ಸೆಂಟಿಮೀಟರನ್ನು.

ಅಳತೆಗೆ ಸೇರಿದ ಇನ್ನೊಂದು ದೂರು ಹೆಂಗಸರ ಉಡುಪಿನ ಜೇಬಿನದು. ಅಮೆರಿಕದಲ್ಲಿ ಮಾರಾಟವಾಗುವ 20 ಜನಪ್ರಿಯ ಬ್ರಾಂಡುಗಳ ಜೀನ್ಸ್ ಅಳೆದ 2018ರ ಒಂದು ಪತ್ರಿಕಾ ಅಧ್ಯಯನದಲ್ಲಿ ಹೆಂಗಸರ ಮುಂದಿನ ಜೇಬು ಗಂಡಸರದ್ದಕ್ಕಿಂತ ಸರಾಸರಿ ಶೇಕಡ 48ರಷ್ಟು ಕಡಿಮೆ ಆಳವಿತ್ತು. ಇಲ್ಲಿನ ಕುರ್ತಾ, ಲೆಗಿಂಗ್ಸ್‌ಗಳಲ್ಲಿ ಜೇಬೇ ಇಲ್ಲದಿರುವುದು ಸಾಮಾನ್ಯ. ಜೇಬು ಇಟ್ಟರೆ ಬಟ್ಟೆಯೂ ಹೊಲಿಗೆಯ ಸಮಯವೂ ಹೆಚ್ಚು ಬೇಕು, ಉಡುಪಿನ ಸಪೂರ ಆಕಾರ ಉಬ್ಬುತ್ತದೆ ಎಂಬುದು ತಯಾರಕರ ಲೆಕ್ಕ. ಬಸ್ಸಿನಲ್ಲಿ ಫೋನು, ಪಾಸು, ಚಿಲ್ಲರೆ ಮೂರನ್ನೂ ಕೈಯಲ್ಲೇ ಹಿಡಿದು ನಿಲ್ಲುವ ಹೆಂಗಸರಿಗೆ ಇದು ದಿನನಿತ್ಯದ ತೊಂದರೆ. ಪಕ್ಕದ ಹೊಲಿಗೆ ಬಿಚ್ಚಿ ಜೇಬು ಕೂಡಿಸುವುದು ದರ್ಜಿಗೆ ಕಷ್ಟದ ಕೆಲಸವೇನಲ್ಲ. ಜೇಬಿರುವ ಕುರ್ತಾವನ್ನೇ ಕೇಳಿ ಕೊಳ್ಳುವ ಗಿರಾಕಿಗಳು ಹೆಚ್ಚಿದಂತೆ ಅಂಗಡಿಗಳೂ ಅಂಥವನ್ನು ತರಿಸುತ್ತವೆ.

ಬೆಳಕು ಮತ್ತು ಬಣ್ಣ

ಬಟ್ಟೆಯ ಬಣ್ಣ ಅದರ ಮೇಲೆ ಬೀಳುವ ಬೆಳಕನ್ನು ಅವಲಂಬಿಸಿದೆ. ಸೂರ್ಯನ ಬೆಳಕಿನಲ್ಲಿ ಎಲ್ಲ ಬಣ್ಣಗಳ ಕಿರಣಗಳೂ ಇರುತ್ತವೆ. ಅಂಗಡಿಯ ಎಲ್‌ಇಡಿ ದೀಪಗಳಲ್ಲಿ ಕೆಲವು ಕಿರಣಗಳು ಹೆಚ್ಚು, ಕೆಲವು ಕಡಿಮೆ. ಹೀಗಾಗಿ ದೀಪದಡಿ ಒಂದೇ ಬಣ್ಣವಾಗಿ ಕಂಡ ಸೀರೆ ಮತ್ತು ರವಿಕೆ ಬಟ್ಟೆ ಬಿಸಿಲಿನಲ್ಲಿ ಬೇರೆ ಬೇರೆಯಾಗಿ ಕಾಣಬಹುದು. ಹಳೆಯ ಸೀರೆ ಅಂಗಡಿಗಳಲ್ಲಿ ‘ಬಾಗಿಲ ಹತ್ತಿರ ಬಂದು ಬಿಸಿಲಿಗೆ ಹಿಡಿದು ನೋಡಿ ಅಮ್ಮಾ’ ಎಂದು ಕರೆಯುವ ರೂಢಿ ಹುಟ್ಟಿದ್ದು ಈ ಅನುಭವದಿಂದ. ಕಿಟಕಿಗಳೇ ಇಲ್ಲದ ಮಾಲ್‌ಗಳಲ್ಲಿ ಆ ಅವಕಾಶ ಕಡಿಮೆ. ಅಲ್ಲಿಯೂ ಬಟ್ಟೆಯನ್ನು ಎರಡು ಬಗೆಯ ದೀಪಗಳಡಿ ಹಿಡಿದು ನೋಡಿದರೆ ಬಣ್ಣದ ನಿಜ ಸ್ವಲ್ಪ ಮಟ್ಟಿಗೆ ತಿಳಿಯುತ್ತದೆ. ಆನ್‌ಲೈನ್ ಚಿತ್ರಗಳಲ್ಲಿ ಕ್ಯಾಮೆರಾ, ತಿದ್ದುವ ತಂತ್ರಾಂಶ ಮತ್ತು ಫೋನಿನ ಪರದೆ ಮೂರೂ ಬಣ್ಣವನ್ನು ಬದಲಿಸುತ್ತವೆ. ಅಲ್ಲಿ ಕೊಂಡವರು ಹಾಕುವ ಫೋಟೊಗಳು ಕಂಪನಿಯ ಫೋಟೊಗಳಿಗಿಂತ ಹೆಚ್ಚು ಉಪಯುಕ್ತ.

ಟ್ರಯಲ್ ರೂಮಿನಲ್ಲಿ ನಿಂತು ನೋಡಿದರಷ್ಟೇ ಸಾಲದು. ಕೂತು, ಬಾಗಿ, ಕೈಯೆತ್ತಿ ನೋಡಬೇಕು. ಅಂಗಿಯ ಗುಂಡಿಗಳ ನಡುವೆ ಬಾಯಿ ಬಿಡುವುದು, ಕೈಯೆತ್ತಿದಾಗ ಕಂಕುಳು ಎಳೆಯುವುದು, ಕೂತಾಗ ಪ್ಯಾಂಟು ಹಿಂದೆ ಇಳಿಯುವುದು ಆಗ ಮಾತ್ರ ಗೊತ್ತಾಗುತ್ತದೆ. ಸೊಂಟ ಸಡಿಲವಿದ್ದರೆ, ಉದ್ದ ಹೆಚ್ಚಿದ್ದರೆ ದರ್ಜಿ ತಿದ್ದಬಲ್ಲ. ಭುಜ ಸರಿಯಿಲ್ಲದಿದ್ದರೆ ತಿದ್ದುವುದು ಕಷ್ಟ. ಆದ್ದರಿಂದ ಮೊದಲು ಪರೀಕ್ಷಿಸಬೇಕಾದದ್ದು ಭುಜವನ್ನು.

ಬೆಲೆಚೀಟಿಯ ಲೆಕ್ಕ

ಬೆಲೆಚೀಟಿ ಹಚ್ಚುವ ಪದ್ಧತಿ ತೀರ ಹಳೆಯದಲ್ಲ. ಪ್ಯಾರಿಸ್‌ನಲ್ಲಿ 1852ರ ನಂತರ ಆರಿಸ್ಟೀಡ್ ಬುಸಿಕೊ ಬೆಳೆಸಿದ ಬಾನ್ ಮಾರ್ಶೆ ಅಂಗಡಿ ನಿಗದಿತ ಬೆಲೆ, ಕೊಳ್ಳದೆಯೂ ಒಳಗೆ ಬಂದು ನೋಡುವ ಸ್ವಾತಂತ್ರ್ಯ ಮತ್ತು ಹಿಂದಿರುಗಿಸುವ ಅವಕಾಶಗಳನ್ನು ಜನಪ್ರಿಯಗೊಳಿಸಿತು. ಅದಕ್ಕೂ ಮೊದಲು ಬಹುತೇಕ ಕಡೆ ಚೌಕಾಸಿಯೇ ಬೆಲೆಯನ್ನು ನಿರ್ಧರಿಸುತ್ತಿತ್ತು. ಬೆಂಗಳೂರಿನ ಚಿಕ್ಕಪೇಟೆಯ ಗಲ್ಲಿಗಳಲ್ಲಿ ಇಂದಿಗೂ ಎರಡು ಪದ್ಧತಿಗಳು ಅಕ್ಕಪಕ್ಕದಲ್ಲೇ ಇವೆ: ಒಂದು ಅಂಗಡಿಯಲ್ಲಿ ‘ಒಂದೇ ದರ’ ಎಂಬ ಫಲಕ, ಪಕ್ಕದಲ್ಲಿ ‘ಎಷ್ಟಕ್ಕೆ ಕೊಡ್ತೀರಾ’ ಎಂಬ ಮಾತು. ಚೌಕಾಸಿ ಬಾರದವರಿಗೆ ಮೊದಲನೆಯದು ನೆಮ್ಮದಿ. ಆದರೆ ನಿಗದಿತ ಬೆಲೆಗೂ ಅದರದೇ ಒಳಸುಳಿಗಳಿವೆ.

ಅವುಗಳಲ್ಲಿ ಮೊದಲನೆಯದು 999. ಬಾಟಾ ಅಂಗಡಿಯ 95 ಪೈಸೆಯಲ್ಲಿ ಮುಗಿಯುವ ಬೆಲೆಗಳು ಹಿಂದಿನ ತಲೆಮಾರಿನವರಿಗೆ ಚೆನ್ನಾಗಿ ನೆನಪಿರುತ್ತವೆ. ಸಂಖ್ಯೆಯನ್ನು ಎಡದಿಂದ ಓದುವ ಮನಸ್ಸು ಮೊದಲ ಅಂಕಿಯನ್ನೇ ಗಟ್ಟಿಯಾಗಿ ಹಿಡಿಯುತ್ತದೆ. ಹೀಗಾಗಿ 999 ಮತ್ತು 1,000ದ ನಡುವಿನ ಅಂತರ ಒಂದು ರೂಪಾಯಿಗಿಂತ ಬಹಳ ದೊಡ್ಡದಾಗಿ ತೋರುತ್ತದೆ. ಮನೋಜ್ ಥಾಮಸ್ ಮತ್ತು ವಿಕಿ ಮೊರ್ವಿಟ್ಜ್ 2005ರಲ್ಲಿ ಪ್ರಕಟಿಸಿದ ಪ್ರಯೋಗಗಳು, ಎಡಗಡೆಯ ಅಂಕಿ ಬದಲಾದಾಗ ಮಾತ್ರ ಈ ಭ್ರಮೆ ಬಲವಾಗುತ್ತದೆ ಎಂದು ತೋರಿಸಿದವು. ಚೀಟಿಯ ಬೆಲೆಯನ್ನು ಮನಸ್ಸಿನಲ್ಲೇ ಮುಂದಿನ ನೂರಕ್ಕೆ ಏರಿಸಿ ಓದಿಕೊಳ್ಳುವುದು ಇದಕ್ಕೆ ಸರಳ ಮದ್ದು.

ಎರಡನೆಯದು ಹೊಡೆದುಹಾಕಿದ ಬೆಲೆ. 2,999ರ ಮೇಲೆ ಗೆರೆ ಎಳೆದು 1,499 ಎಂದು ಬರೆದಾಗ ಗಿರಾಕಿ ಬಟ್ಟೆಯನ್ನು ಅಳೆಯುವುದು ಅದರ ಗುಣದಿಂದಲ್ಲ, ಹೊಡೆದುಹಾಕಿದ ಸಂಖ್ಯೆಯಿಂದ. ಮೊದಲು ಕಣ್ಣಿಗೆ ಬಿದ್ದ ಸಂಖ್ಯೆ ಮುಂದಿನ ಅಂದಾಜುಗಳನ್ನೆಲ್ಲ ತನ್ನ ಕಡೆ ಎಳೆದುಕೊಳ್ಳುತ್ತದೆ ಎಂಬುದನ್ನು ಆಮೋಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾನೆಮನ್ 1974ರಲ್ಲೇ ವಿವರಿಸಿದ್ದರು. ಹಳೆಯ ಬೆಲೆಯನ್ನು ಕೈಯಿಂದ ಮುಚ್ಚಿ, ‘ಇದು 1,499ಕ್ಕೇ ಮೊದಲಿನಿಂದ ಇದ್ದಿದ್ದರೆ ಕೊಳ್ಳುತ್ತಿದ್ದೆನೇ?’ ಎಂದು ಕೇಳಿಕೊಂಡರೆ ಉತ್ತರ ಸ್ಪಷ್ಟವಾಗುತ್ತದೆ.

ಮೂರನೆಯದು ರಿಯಾಯಿತಿಯ ಅಂಕಗಣಿತ. ‘50% ಮತ್ತು ಮೇಲೆ 20%’ ಎಂದರೆ 70% ಅಲ್ಲ. 1,000 ರೂಪಾಯಿಯ ಬಟ್ಟೆ ಮೊದಲು 500ಕ್ಕೆ ಇಳಿಯುತ್ತದೆ. ಎರಡನೆಯ ರಿಯಾಯಿತಿ ಆ 500ರ ಮೇಲೆ ಬೀಳುವುದರಿಂದ ಕೊಡಬೇಕಾದದ್ದು 400, ಒಟ್ಟು ಇಳಿಕೆ 60%. ‘ಎರಡು ಕೊಂಡರೆ ಒಂದು ಉಚಿತ’ ಎಂಬುದು ಮೂರರ ಮೇಲೆ ಸುಮಾರು 33% ರಿಯಾಯಿತಿ. ಮೂರೂ ಬೇಕಿದ್ದರೆ ಮಾತ್ರ ಅದು ಲಾಭ. ಒಂದೇ ಬೇಕಿದ್ದವರು ಬೇಡದ ಇನ್ನೊಂದಕ್ಕೂ ಪೂರ್ತಿ ಬೆಲೆ ತೆತ್ತಂತೆ. ‘70%ವರೆಗೆ’ ಎಂಬ ಫಲಕದಲ್ಲಿ ‘ವರೆಗೆ’ ಎಂಬುದನ್ನು ಸಣ್ಣದಾಗಿ ಬರೆದಿರುತ್ತಾರೆ. ಕೆಲವೇ ಬಟ್ಟೆಗಳಿಗೆ 70% ಇದ್ದರೂ ಆ ಮಾತು ಸುಳ್ಳಾಗುವುದಿಲ್ಲ.

ಎಲ್ಲ ರಿಯಾಯಿತಿಗಳೂ ಬರಿಯ ತಂತ್ರವಲ್ಲ. ಕರ್ನಾಟಕದಲ್ಲಿ ಆಷಾಢ ಮಾಸದಲ್ಲಿ ಮದುವೆ, ಗೃಹಪ್ರವೇಶಗಳು ನಡೆಯುವುದು ಕಡಿಮೆ. ವ್ಯಾಪಾರ ತಗ್ಗುವ ಆ ತಿಂಗಳಲ್ಲಿ ಹಳೆಯ ದಾಸ್ತಾನು ಕರಗಿಸಿ, ಶ್ರಾವಣದ ವರಮಹಾಲಕ್ಷ್ಮಿ, ನಂತರದ ಗೌರಿ-ಗಣೇಶ, ದಸರಾ, ದೀಪಾವಳಿಗೆ ಹೊಸ ಮಾಲು ತುಂಬಲು ಅಂಗಡಿಯವರಿಗೆ ಜಾಗವೂ ಬೇಕು, ಹಣವೂ ಬೇಕು. ಆಷಾಢ ಸೇಲ್ ಹುಟ್ಟಿದ್ದು ಈ ಅಗತ್ಯದಿಂದ. ದಿನಬಳಕೆಯ ಬಟ್ಟೆ, ಹಾಸುಹೊದಿಕೆ, ಫ್ಯಾಷನ್ ಬೇಗ ಬದಲಾಗದ ಸೀರೆಗಳಿಗೆ ಇದು ಒಳ್ಳೆಯ ಕಾಲ. ಮಡಿಕೆಯ ಗೆರೆಯಲ್ಲಿ ಬಣ್ಣ ಮಾಸಿದೆಯೇ, ಜರಿ ಕಪ್ಪಾಗಿದೆಯೇ ಎಂದು ಪೂರ್ತಿ ಬಿಚ್ಚಿ ನೋಡಬೇಕು.

ಬಿಲ್ ಕೌಂಟರಿನಲ್ಲಿ

ಗರಿಷ್ಠ ಮಾರಾಟ ಬೆಲೆ, ಅಂದರೆ ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಗಳೂ ಸೇರಿರುತ್ತವೆ. ಆದರೂ ‘40% ರಿಯಾಯಿತಿ’ ಎಂದು ಕರೆದು, ಬಿಲ್ಲಿನಲ್ಲಿ ರಿಯಾಯಿತಿ ಕಳೆದ ಬೆಲೆಯ ಮೇಲೆ ಮತ್ತೆ ತೆರಿಗೆ ಸೇರಿಸುವ ರೂಢಿ ಹಲವೆಡೆ ಇತ್ತು. ಎಂಆರ್‌ಪಿ ಮೇಲೆ ರಿಯಾಯಿತಿ ಘೋಷಿಸಿ ಮತ್ತೆ ತೆರಿಗೆ ವಸೂಲು ಮಾಡುವುದು ಗ್ರಾಹಕರನ್ನು ದಾರಿತಪ್ಪಿಸುವ ವ್ಯವಹಾರ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2017ರಲ್ಲಿ ತೀರ್ಪು ನೀಡಿತು. 2,000 ರೂಪಾಯಿ ಎಂಆರ್‌ಪಿಯ ಬಟ್ಟೆಗೆ 40% ರಿಯಾಯಿತಿ ಎಂದರೆ ಗಿರಾಕಿ ಕೊಡಬೇಕಾದದ್ದು 1,200 ಮಾತ್ರ.

ಜಿಎಸ್‌ಟಿ 2017ರ ಜುಲೈ 1ರಂದು ಬಂದಾಗ 1,000 ರೂಪಾಯಿವರೆಗಿನ ಸಿದ್ಧ ಉಡುಪಿಗೆ 5%, ಅದಕ್ಕಿಂತ ಹೆಚ್ಚಿನದಕ್ಕೆ 12% ತೆರಿಗೆ ಇತ್ತು. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗೆ 5%, ಅದಕ್ಕೂ ಮೇಲ್ಪಟ್ಟು 18% ಆಯಿತು. ಈ ದರ ಒಂದೊಂದು ಉಡುಪಿಗೆ ಬೇರೆ ಬೇರೆಯಾಗಿ ಅನ್ವಯವಾಗುತ್ತದೆ, ಇಡೀ ಬಿಲ್ಲಿನ ಮೊತ್ತಕ್ಕಲ್ಲ. ಮಿತಿ ದಾಟಿದರೆ ಹೆಚ್ಚುವರಿ ಭಾಗಕ್ಕೆ ಮಾತ್ರವಲ್ಲ, ಪೂರ್ತಿ ಬೆಲೆಗೂ ಹೆಚ್ಚಿನ ದರ ಬೀಳುತ್ತದೆ. ತೆರಿಗೆಗೆ ಮುಂಚಿನ ಬೆಲೆ 2,500 ಇದ್ದರೆ ಒಟ್ಟು 2,625. ಅದೇ 2,600 ಇದ್ದರೆ ಒಟ್ಟು 3,068. ನೂರು ರೂಪಾಯಿಯ ಅಂತರ ಕೊನೆಗೆ 443 ರೂಪಾಯಿಯಾಗುತ್ತದೆ. ಈ ಗೆರೆಯ ಆಸುಪಾಸಿನ ಉಡುಪು ಕೊಳ್ಳುವಾಗ ಬಿಲ್ಲನ್ನು ಓದಿ ನೋಡುವುದು ಒಳ್ಳೆಯದು.

ಕೌಂಟರಿನ ಇನ್ನೆರಡು ಕಿರಿಕಿರಿಗಳು ಕೈಚೀಲ ಮತ್ತು ಫೋನ್ ನಂಬರು. ಚೀಲಕ್ಕೆ ಹಣ ಎಂಬುದನ್ನು ಮೊದಲೇ ತಿಳಿಸದೆ, ಬಿಲ್ಲು ಮಾಡುವ ಹೊತ್ತಿಗೆ ಸೇರಿಸುವುದು ಅನುಚಿತ ವ್ಯಾಪಾರ ಎಂದು ರಾಷ್ಟ್ರೀಯ ಆಯೋಗ 2020ರಲ್ಲಿ ಹೇಳಿದೆ. ಫೋನ್ ನಂಬರ್ ಕೊಡದಿದ್ದರೆ ಬಿಲ್ಲಾಗುವುದಿಲ್ಲ ಎಂಬ ಒತ್ತಾಯದ ಬಗ್ಗೆ ದೂರುಗಳು ಬಂದ ಮೇಲೆ, ಹಾಗೆ ಬಲವಂತ ಮಾಡಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲಿ ಸೂಚಿಸಿತು. ‘ನಂಬರ್ ಕೊಡುವುದಿಲ್ಲ’ ಎನ್ನಲು ಯಾರೂ ಸಂಕೋಚಪಡಬೇಕಿಲ್ಲ.

ಆನ್‌ಲೈನ್ ಅಂಗಡಿಗಳಿಗೂ ಕಡಿವಾಣವಿದೆ. ‘ಇನ್ನು ಎರಡೇ ಉಳಿದಿವೆ’ ಎಂಬ ಸುಳ್ಳು ಅವಸರ, ಕೇಳದೆ ಬುಟ್ಟಿಗೆ ಸೇರಿಸಿದ ವಸ್ತು, ಕೊನೆಯ ಹಂತದಲ್ಲಿ ಮಾತ್ರ ಕಾಣಿಸುವ ಶುಲ್ಕ ಮುಂತಾದ 13 ಬಗೆಯ ಮೋಸದ ವಿನ್ಯಾಸಗಳನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಪಟ್ಟಿ ಮಾಡಿ ನಿಷೇಧಿಸಿದೆ.

ಹಿಂದಿರುಗಿಸುವ ಹಕ್ಕು

ಹಿಂದಿರುಗಿಸುವ ವಿಷಯದಲ್ಲಿ ಎರಡು ಸಂದರ್ಭಗಳನ್ನು ಬೇರೆಮಾಡಿ ನೋಡಬೇಕು. ಬಟ್ಟೆಯಲ್ಲೇ ದೋಷವಿರುವುದು ಒಂದು. ಬಟ್ಟೆ ಚೆನ್ನಾಗಿದ್ದು ಕೊಂಡವರ ಮನಸ್ಸು ಬದಲಾಗುವುದು ಇನ್ನೊಂದು. 2020ರ ಜುಲೈ 20ರಿಂದ ಜಾರಿಯಲ್ಲಿರುವ ಗ್ರಾಹಕ ರಕ್ಷಣಾ ಕಾಯ್ದೆ, 2019ರ ಪ್ರಕಾರ ದೋಷವಿರುವ ಸರಕನ್ನು ಬಿಲ್ಲಿನಲ್ಲಿ ತಿಳಿಸಿದ ಅವಧಿಯೊಳಗೆ, ಅವಧಿ ತಿಳಿಸದಿದ್ದರೆ 30 ದಿನಗಳೊಳಗೆ ಹಿಂತೆಗೆದುಕೊಂಡು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ. ಬಿಲ್ಲು ಕೊಡದಿರುವುದೂ ಅದೇ ವರ್ಗಕ್ಕೆ ಸೇರುತ್ತದೆ. ದೋಷವಿರುವ ಬಟ್ಟೆಯ ಮಟ್ಟಿಗೆ ಗೋಡೆಯ ಮೇಲಿನ ‘ವಾಪಸ್ ಇಲ್ಲ’ ಎಂಬ ಫಲಕ ಕಾಯ್ದೆಯನ್ನು ಮೀರಲಾರದು.

ಬಣ್ಣ ಹಿಡಿಸಲಿಲ್ಲ, ಮನೆಯವರಿಗೆ ಒಪ್ಪಿಗೆಯಾಗಲಿಲ್ಲ ಎಂಬ ಕಾರಣಕ್ಕೆ ಹಿಂದಿರುಗಿಸುವುದು ಅಂಗಡಿಯವರು ಕೊಡುವ ಸೌಲಭ್ಯ. ಅದರ ಷರತ್ತನ್ನು ಹಣ ಕೊಡುವ ಮೊದಲೇ ಕೇಳಬೇಕು: ಎಷ್ಟು ದಿನ, ಹಣ ವಾಪಸೋ ಬದಲಿ ಬಟ್ಟೆಯೋ ಕ್ರೆಡಿಟ್ ನೋಟೋ, ಸೇಲ್‌ನಲ್ಲಿ ಕೊಂಡದ್ದಕ್ಕೂ ಅನ್ವಯವೋ ಎಂಬುದನ್ನು. ಉಡುಗೊರೆಗಾಗಿ ಕೊಳ್ಳುವವರು ಇದನ್ನು ಮರೆಯಬಾರದು. ಚೀಟಿ ಕೀಳದೆ, ಬಿಲ್ಲು ಎಸೆಯದೆ ಇಟ್ಟುಕೊಳ್ಳುವುದು ಎರಡೂ ಸಂದರ್ಭಗಳಿಗೆ ಅಗತ್ಯ.

ಅಂಗಡಿ ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಬಹುದು. ಅದರಿಂದಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಕೊಟ್ಟ ಹಣ 5 ಲಕ್ಷ ರೂಪಾಯಿವರೆಗಿದ್ದರೆ ದೂರಿಗೆ ಶುಲ್ಕವಿಲ್ಲ. ವಕೀಲರನ್ನು ಇಡಲೇಬೇಕೆಂದೂ ಇಲ್ಲ, ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. 800 ರೂಪಾಯಿಯ ಅಂಗಿಗಾಗಿ ಯಾರು ಅಲೆಯುತ್ತಾರೆ ಎಂದು ಎಲ್ಲರೂ ಸುಮ್ಮನಾಗುವುದರಿಂದಲೇ ಆ ಫಲಕಗಳು ಗೋಡೆಯ ಮೇಲೆ ಉಳಿದಿವೆ.

ಸೀರೆಯ ಹಿಂದಿನ ಖರ್ಚು

ಸೀರೆಯ ಬೆಲೆ ಬಿಲ್ಲಿನಲ್ಲಿ ಮುಗಿಯುವುದಿಲ್ಲ. ಸಾಮಾನ್ಯ ಸೀರೆ ಸುಮಾರು 5.5 ಮೀಟರ್, ರವಿಕೆ ಕಣ ಸೇರಿದರೆ ಸುಮಾರು 6.3 ಮೀಟರ್. ಮನೆಗೆ ತಂದ ಮೇಲೆ ಫಾಲ್ ಹಚ್ಚಿಸಬೇಕು, ಅಂಚಿಗೆ ಜಿಗ್‌ಜ್ಯಾಗ್ ಹೊಡೆಸಬೇಕು, ಸೆರಗಿಗೆ ಕುಚ್ಚು ಕಟ್ಟಿಸಬೇಕು, ಹೊಂದುವ ಲಂಗ ಹುಡುಕಬೇಕು, ರವಿಕೆಗೆ ಲೈನಿಂಗ್ ತರಬೇಕು. ಕಸೂತಿ ಅಥವಾ ಆರಿ ಕೆಲಸವಿದ್ದರೆ ರವಿಕೆಯ ಕೂಲಿ ಸೀರೆಯ ಬೆಲೆಯನ್ನೇ ಮೀರುವುದುಂಟು. ಹಬ್ಬ, ಮದುವೆಯ ದಿನಗಳಲ್ಲಿ ದರ್ಜಿಯ ಕೈ ತುಂಬಿರುವುದರಿಂದ ‘ನಾಳೆ ಬನ್ನಿ’ ಎಂಬುದು ವಾರಗಟ್ಟಲೆ ಎಳೆಯುತ್ತದೆ. ಅಂಗಡಿಯಲ್ಲೇ ಈ ಖರ್ಚನ್ನೆಲ್ಲ ಕೂಡಿಸಿ ನೋಡಿದರೆ ಸೀರೆಯ ನಿಜವಾದ ಬೆಲೆ ಗೊತ್ತಾಗುತ್ತದೆ. ಸಮಾರಂಭಕ್ಕೆ ತಿಂಗಳು ಮೊದಲೇ ರವಿಕೆ ಕೊಟ್ಟರೆ ಕೊನೆಯ ಗಳಿಗೆಯ ಆತಂಕ ತಪ್ಪುತ್ತದೆ.

ರೇಷ್ಮೆಯ ಹೆಸರಿನ ಗೊಂದಲವೂ ಇಲ್ಲಿ ಸೇರಿದೆ. ‘ಆರ್ಟ್ ಸಿಲ್ಕ್’ ಎಂದರೆ ಕೃತಕ ನೂಲು, ರೇಷ್ಮೆಯಲ್ಲ. ‘ಸೆಮಿ ಸಿಲ್ಕ್’ನಲ್ಲಿ ರೇಷ್ಮೆ ಎಷ್ಟಿದೆ, ಇದೆಯೇ ಇಲ್ಲವೇ ಎಂಬುದನ್ನು ಕೇಳಿಯೇ ತಿಳಿಯಬೇಕು. ಬೆಂಗಳೂರಿನಲ್ಲಿ ಪ್ರಧಾನ ಕಚೇರಿ ಇರುವ ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಿಂದ ಸಿಲ್ಕ್ ಮಾರ್ಕ್ ಗುರುತು ಬಳಕೆಯಲ್ಲಿದೆ. ಕೈಮಗ್ಗದ ಬಟ್ಟೆಗೆ 2006ರಿಂದ ಹ್ಯಾಂಡ್‌ಲೂಮ್ ಮಾರ್ಕ್ ಇದೆ. ಗುರುತಿಲ್ಲದ ಕಡೆ ಅಂಚಿನ ಒಂದೆರಡು ಎಳೆಗಳನ್ನು ಸುಟ್ಟು ನೋಡುವುದು ಹಳೆಯ ಪರೀಕ್ಷೆ. ರೇಷ್ಮೆ ಕೂದಲು ಸುಟ್ಟ ವಾಸನೆ ಬೀರಿ, ಬೆರಳಲ್ಲಿ ಪುಡಿಯಾಗುವ ಬೂದಿ ಬಿಡುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಒಗೆದ ಮೇಲೆ

ಹತ್ತಿ ಬಟ್ಟೆ ಕುಗ್ಗುವುದಕ್ಕೆ ಕಾರಣ ನೇಯ್ಗೆ ಮತ್ತು ಬಣ್ಣ ಹಾಕುವ ಹಂತಗಳಲ್ಲಿ ಅದನ್ನು ಎಳೆದು ಹಿಡಿಯುವುದು. ನೀರು ತಾಗಿದಾಗ ಎಳೆಗಳು ಆ ಬಿಗುವನ್ನು ಬಿಟ್ಟು ಮೊದಲಿನ ಸ್ಥಿತಿಗೆ ಮರಳುತ್ತವೆ. ಕಾರ್ಖಾನೆಯಲ್ಲೇ ಬಟ್ಟೆಯನ್ನು ಕುಗ್ಗಿಸಿಬಿಡುವ ಸ್ಯಾನ್‌ಫೊರೈಸಿಂಗ್ ವಿಧಾನವನ್ನು ಅಮೆರಿಕದ ಸ್ಯಾನ್‌ಫರ್ಡ್ ಕ್ಲೂಯೆಟ್ ರೂಪಿಸಿದರು. ಆ ಸಂಸ್ಕಾರವಿಲ್ಲದ ಕಣವನ್ನು ದರ್ಜಿಗೆ ಕೊಡುವ ಮೊದಲು ನೀರಿನಲ್ಲಿ ನೆನೆಸಿ ಒಣಗಿಸುವ ಮನೆಯ ರೂಢಿ ಇದೇ ತತ್ತ್ವವನ್ನು ಪಾಲಿಸುತ್ತದೆ.

ಬಣ್ಣ ಬಿಡುವುದು ನೂಲಿಗೆ ಅಂಟದೆ ಉಳಿದ ಬಣ್ಣದಿಂದ. ರಿಯಾಕ್ಟಿವ್ ಬಣ್ಣಗಳು ಹತ್ತಿಯೊಂದಿಗೆ ರಾಸಾಯನಿಕವಾಗಿ ಬೆಸೆಯುತ್ತವೆ. ಆದರೂ ಹೆಚ್ಚುವರಿ ಬಣ್ಣವನ್ನು ಕಾರ್ಖಾನೆಯಲ್ಲಿ ಸರಿಯಾಗಿ ತೊಳೆಯದಿದ್ದರೆ ಅದು ಮೊದಲ ಒಂದೆರಡು ಸಲ ನೀರಿಗೆ ಇಳಿಯುತ್ತದೆ. ಉಪ್ಪು ನೀರಿನಲ್ಲಿ ನೆನೆಸಿದರೆ ಬಣ್ಣ ಗಟ್ಟಿಯಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದ್ದರೂ, ಒಮ್ಮೆ ಬಣ್ಣ ಹಾಕಿ ಮುಗಿದ ಬಟ್ಟೆಗೆ ಉಪ್ಪು ಆ ಕೆಲಸ ಮಾಡದು. ಹೊಸ ಬಟ್ಟೆಯನ್ನು ಪ್ರತ್ಯೇಕವಾಗಿ, ತಣ್ಣೀರಿನಲ್ಲಿ, ಒಳಮಗ್ಗುಲು ಹೊರಗೆ ಮಾಡಿ ಒಗೆದು ನೆರಳಿನಲ್ಲಿ ಒಣಗಿಸುವುದೇ ದಾರಿ. ಹಲವು ಸಲ ಒಗೆದರೂ ಬಣ್ಣ ಇಳಿಯುತ್ತಲೇ ಇದ್ದರೆ ಅದು ದೋಷ. ಹಿಂದಿರುಗಿಸುವ ಹಕ್ಕು ಅಲ್ಲಿ ಅನ್ವಯಿಸುತ್ತದೆ.

ಬಟ್ಟೆಯ ಮೇಲೆ ಏಳುವ ಸಣ್ಣ ಗಂಟುಗಳು ಉಜ್ಜಾಟದಿಂದ ಹೊರಬಂದ ಗಿಡ್ಡ ಎಳೆಗಳು. ಹತ್ತಿ ಮಾತ್ರವಿದ್ದರೆ ಗಂಟು ಬೇಗ ಉದುರುತ್ತದೆ. ಪಾಲಿಯೆಸ್ಟರ್ ಬೆರೆತಿದ್ದರೆ ಅದರ ಗಟ್ಟಿ ಎಳೆಗಳು ಗಂಟನ್ನು ಬಿಡದೆ ಹಿಡಿದುಕೊಳ್ಳುತ್ತವೆ. ಒಳಗಿನ ಚೀಟಿಯ ಚಿಹ್ನೆಗಳೂ ಓದಲು ಸುಲಭ: ನೀರಿನ ತೊಟ್ಟಿ ಒಗೆಯುವುದನ್ನು, ತ್ರಿಕೋನ ಬ್ಲೀಚನ್ನು, ಚೌಕ ಒಣಗಿಸುವುದನ್ನು, ವೃತ್ತ ಡ್ರೈ ಕ್ಲೀನಿಂಗನ್ನು ಸೂಚಿಸುತ್ತವೆ. ಇಸ್ತ್ರಿಪೆಟ್ಟಿಗೆಯೊಳಗಿನ ಚುಕ್ಕೆಗಳು ಹೆಚ್ಚಿದಷ್ಟೂ ಬಿಸಿ ಹೆಚ್ಚಿರಬಹುದು. ಅಡ್ಡಗೆರೆ ಇದ್ದರೆ ಆ ಕೆಲಸ ಕೂಡದು. ಡ್ರೈ ಕ್ಲೀನಿಂಗ್ ಮಾತ್ರ ಎಂದಿರುವ ಉಡುಪಿಗೆ ಪ್ರತಿ ಸಲ ತೊಡುವುದಕ್ಕೂ ಮುಂದಿನ ಖರ್ಚು ಅಂಟಿಕೊಂಡಿರುತ್ತದೆ.

ಖರ್ಚಿನ ಅಭ್ಯಾಸ

ಒಂದು ಹೊಸ ಬಟ್ಟೆ ಇನ್ನಷ್ಟು ಖರ್ಚನ್ನು ಕರೆತರುತ್ತದೆ. ಫ್ರೆಂಚ್ ಚಿಂತಕ ದೆನಿ ದಿದೆರೋ 18ನೆಯ ಶತಮಾನದಲ್ಲಿ ತನ್ನ ಹೊಸ ಮನೆಯಂಗಿಯ ಎದುರು ಕುರ್ಚಿ, ಮೇಜು, ಚಿತ್ರಗಳೆಲ್ಲ ಬಡವಾಗಿ ಕಂಡು, ಒಂದೊಂದನ್ನೇ ಬದಲಿಸುತ್ತ ಹೋದ ಬಗೆಯನ್ನು ಪ್ರಬಂಧವಾಗಿ ಬರೆದ. ಮಾನವಶಾಸ್ತ್ರಜ್ಞ ಗ್ರಾಂಟ್ ಮೆಕ್‌ಕ್ರಾಕನ್ 1988ರಲ್ಲಿ ಈ ಸರಪಳಿಗೆ ‘ದಿದೆರೋ ಪರಿಣಾಮ’ ಎಂದು ಹೆಸರಿಟ್ಟರು. ಸೀರೆಗೆ ತಕ್ಕ ಚಪ್ಪಲಿ, ಚಪ್ಪಲಿಗೆ ತಕ್ಕ ಪರ್ಸು, ಬಳೆ, ಸರ ಎಂದು ಮುಂದುವರಿಯುವುದು ಇದೇ ಸರಪಳಿ. ಮನೆಯಲ್ಲಿ ಈಗಾಗಲೇ ಇರುವ ಎರಡು ಮೂರು ವಸ್ತುಗಳಿಗೆ ಹೊಂದುವ ಬಟ್ಟೆಯನ್ನೇ ಆರಿಸಿದರೆ ಆ ಸರಪಳಿ ಅಲ್ಲಿಗೇ ತುಂಡಾಗುತ್ತದೆ.

ಹಣ ಕೊಡುವ ವಿಧಾನವೂ ಖರ್ಚನ್ನು ಬದಲಿಸುತ್ತದೆ. ಡ್ರೇಜನ್ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ 2001ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಕ್ರೆಡಿಟ್ ಕಾರ್ಡಿನಿಂದ ಹಣ ಕೊಡಬೇಕಾದವರು ನಗದು ಕೊಡಬೇಕಾದವರಿಗಿಂತ ಒಂದೇ ಪಂದ್ಯದ ಟಿಕೆಟಿಗೆ ಸುಮಾರು ಎರಡು ಪಟ್ಟು ಬೆಲೆ ಕೂಗಿದರು. ನೋಟು ಎಣಿಸಿ ಕೊಡುವಾಗ ಆಗುವ ಸಣ್ಣ ನೋವು ಕಾರ್ಡಿನಲ್ಲಿ ಕಡಿಮೆ. 2016ರಲ್ಲಿ ಬಂದ ಯುಪಿಐ ವ್ಯವಹಾರವನ್ನು ಸಲೀಸು ಮಾಡಿದೆ. ಹಬ್ಬದ ಬಟ್ಟೆಗೆಂದು ಬೇರೆ ಮೊತ್ತ ತೆಗೆದಿಟ್ಟು ಅದರೊಳಗೇ ಕೊಳ್ಳುವ ಕುಟುಂಬಗಳಿಗೆ ಆ ಸಲೀಸಿನಿಂದ ಹಾನಿಯಿಲ್ಲ.

ಬಟ್ಟೆ ಅಗ್ಗವೋ ದುಬಾರಿಯೋ ಎಂಬುದನ್ನು ಅದರ ಬೆಲೆಯನ್ನು ತೊಡುವ ಸಲಗಳಿಂದ ಭಾಗಿಸಿ ತಿಳಿಯಬಹುದು. 1,200 ರೂಪಾಯಿಯ ಅಂಗಿಯನ್ನು 60 ಸಲ ತೊಟ್ಟರೆ ಒಂದು ಸಲಕ್ಕೆ 20 ರೂಪಾಯಿ. ಸೇಲ್‌ನಲ್ಲಿ 500ಕ್ಕೆ ತಂದು ಎರಡೇ ಸಲ ತೊಟ್ಟದ್ದಕ್ಕೆ ಸಲಕ್ಕೆ 250. ಮದುವೆಯ ರೇಷ್ಮೆ ಸೀರೆಯಂಥ ಬಟ್ಟೆಗೆ ನೆನಪಿನ, ಪ್ರೀತಿಯ ಬೆಲೆಯಿದೆ, ಅದಕ್ಕೆ ಈ ಭಾಗಾಕಾರ ಸಲ್ಲದು. ಉಳಿದೆಲ್ಲ ದಿನಬಳಕೆಯ ಉಡುಪಿಗೆ ಇದು ನಂಬಬಹುದಾದ ಅಳತೆಗೋಲು. ವರ್ಷಕ್ಕೊಮ್ಮೆ, ಯುಗಾದಿಗೋ ದಸರೆಗೋ ಮುಂಚೆ ಬೀರು ಬಿಚ್ಚಿ, ಹಿಂದಿನ ವರ್ಷ ತೊಡದೆ ಉಳಿದ ಬಟ್ಟೆಗಳನ್ನು ಬೇರೆಮಾಡಿ, ಯಾವುದು ಅಳತೆ ಸರಿಯಾಗದೆ, ಯಾವುದು ಬಣ್ಣ ಹಿಡಿಸದೆ, ಯಾವುದು ರಿಯಾಯಿತಿಯ ಆಸೆಗೆ ಬಂದು ಉಳಿಯಿತು ಎಂದು ನೋಡಿದರೆ ಆ ಮನೆಯ ಖರೀದಿ ಎಲ್ಲಿ ಎಡವುತ್ತಿದೆ ಎಂಬುದು ತಿಳಿಯುತ್ತದೆ. ತಿದ್ದಿಸಬಹುದಾದವು ದರ್ಜಿಗೆ, ಚೆನ್ನಾಗಿರುವವು ಬೇಕಾದವರ ಕೈಗೆ ಹೋಗಲಿ. ಹೊಸ ಬಟ್ಟೆಯ ಪಟ್ಟಿ ಬರೆಯುವುದು ಅದಾದ ಮೇಲೆ.